ನೋಮಿನ ದಿನ ಹಿತ್ತಿಲಲ್ಲಿ

ದೀಪಾವಳಿ ಬಂತೆಂದರೆ ತಿಪಟೂರು ಸೀಮೆಯ ನಮ್ಮ ಮನೆಯಲ್ಲಿ ನನ್ನ ಸೊಂಟಕ್ಕೆ ಬಿಡುವಿಲ್ಲ. ಅಟ್ಟದ ಕೊಬ್ಬರಿ ಸರಿಸಿ ಜೇಡರ ಬಲೆ ತೆಗೆಯಬೇಕು, ಪಾತ್ರೆಯೆಲ್ಲ ಇಳಿಸಿ ಬೆಳಗಬೇಕು, ಬರುವ ನೆಂಟರಿಗೆ ಹಾಸಿಗೆ ಒಗೆಯಬೇಕು. ಅಮಾವಾಸ್ಯೆಯ ದಿನ ನೋಮಿನ ವ್ರತ. ಅಂದು ಪೂಜೆ ಮುಗಿದು ಕೈಗೆ ನೋಮಿನ ದಾರ ಕಟ್ಟಿಕೊಳ್ಳುವ ತನಕ ದೊಡ್ಡವರು ಯಾರೂ ಏನೂ ತಿನ್ನುವಂತಿಲ್ಲ. ಕಜ್ಜಾಯ ಸುಡುವವಳಂತೂ ಹಿಟ್ಟು ಮೆತ್ತಿದ ಬೆರಳನ್ನೂ ನೆಕ್ಕಬಾರದು. ನೆಕ್ಕಿದರೆ ಕಜ್ಜಾಯ ಎಣ್ಣೆಯಲ್ಲೇ ಒಡೆದುಹೋಗುತ್ತದೆ ಅನ್ನುತ್ತಾರೆ. ಇದನ್ನೆಲ್ಲ ನನಗೆ ಕಲಿಸಿದವರು ನಮ್ಮತ್ತೆ. ಅವರಿಗಿಂತ ಬಿಗಿಯಾಗಿ ಪಾಲಿಸಿದವಳು ನಾನು. "ನಮ್ಮ ಹಿರೀ ಸೊಸೆ ಒಂದು ತೊಟ್ಟು ನೀರೂ ಕುಡೀದೆ ಸುಡ್ತಾಳೆ ಕಣ್ರೀ" ಎಂದು ಅವರು ನೆಂಟರ ಮುಂದೆ ಹೇಳಿದಾಗಲೆಲ್ಲ ಉಬ್ಬಿಹೋಗಿದ್ದೇನೆ.

ಕಳೆದ ದೀಪಾವಳಿಯ ಹೊತ್ತಿಗೆ ಅತ್ತೆಗೂ ನನಗೂ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬೇಡಿ ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ನೋಮಿನ ಬೆಳಿಗ್ಗೆ ಎಂದಿನ ರೂಢಿಯಂತೆ ಅತ್ತೆಗೆ ಮಾತ್ರೆ ಕೊಟ್ಟೆ, ನಾನೂ ನುಂಗಿದೆ. ಸ್ವಲ್ಪ ಹೊತ್ತಿಗೆ ಅವರು ಅಡುಗೆಮನೆಯ ಬಾಗಿಲಿಗೆ ಬಂದರು.

"ಒಂದೆರಡು ತುತ್ತು ಉಪ್ಪಿಟ್ಟು ಮಾಡ್ಕೊಡ್ತೀಯೇನೇ? ಯಾಕೋ ಸಂಕ್ಟ ಆಗ್ತೈತೆ."

"ಇವತ್ತೊಂದಿನ ತಡ್ಕಳಿ ಅತ್ತೆ. ನೆಂಟ್ರು ಏನಂದ್ಕಂಡಾರು?" ಅಂದೆ. ಅವರು ನಡುಮನೆಗೆ ವಾಪಸು ಹೋದರು.

ಹುಳಿಯಾರಿನಿಂದ ಬಂದಿದ್ದ ವಾರಗಿತ್ತಿ ನನ್ನ ಮುಖ ನೋಡಿ, "ಅಕ್ಕ, ನೀವು ಒಸಿ ಕುಂತ್ಕಳಿ, ನಾನು ಸುಡ್ತೀನಿ" ಅಂದಳು. "ನಂಗೇನಾಗೈತೆ, ಬುಡು" ಎಂದು ಬಾಣಲೆ ಬಿಟ್ಟುಕೊಡಲಿಲ್ಲ. ನನಗೆ ಬರುವ ಹೊಗಳಿಕೆ ಎಲ್ಲಿ ಅವಳ ಪಾಲಾಗುತ್ತದೋ ಎಂಬ ಹೊಟ್ಟೆಕಿಚ್ಚು, ಇನ್ನೇನಲ್ಲ. ಬಿಸಿಲೇರುವ ಹೊತ್ತಿಗೆ ಕೈ ನಡುಗತೊಡಗಿತು. ಒಲೆಯ ಮುಂದೆ ಕೂತು ತಣ್ಣಗೆ ಬೆವರುತ್ತಿದ್ದೆ. ಬಾಯಿ ಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಕಜ್ಜಾಯದ ಹಿಟ್ಟಿನ ಒಂದು ಉಂಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಮುಖ ತೊಳ್ಕಂಡ್ ಬತ್ತೀನಿ" ಎಂದು ಹಿತ್ತಿಲಿಗೆ ಹೋದೆ. ಸುಲಿದ ತೆಂಗಿನ ಮಟ್ಟೆಯ ರಾಶಿಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಅರ್ಧ ಉಂಡೆ ಗಬಗಬನೆ ತಿಂದೆ. ಬೆಲ್ಲ ಗಂಟಲಿಗೆ ಇಳಿದ ಮೇಲೆ ಹೋದ ಜೀವ ಬಂತು.

ತಲೆಯೆತ್ತಿದರೆ ಎದುರಿಗೆ ಅತ್ತೆ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇನ್ನು ಬೈಗುಳ ಶುರು ಎಂದುಕೊಂಡೆ. ಆದರೆ ಅವರ ತುಟಿ ಬಿಳಿಚಿಕೊಂಡಿತ್ತು, ಗೋಡೆ ಹಿಡಿದುಕೊಂಡು ನಿಂತಿದ್ದರು. ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ, ನನ್ನ ಮುಂದೆ ಕೈಯೊಡ್ಡಿದರು.

"ನಂಗೂ ಒಸಿ ಕೊಡೇ. ಯಾರ್ಗೂ ಹೇಳಲ್ಲ ಕಣೇ."

ಕದ್ದು ತಿಂದು ಸಿಕ್ಕಿಬಿದ್ದ ನಾಚಿಕೆ ಆ ಮಾತಿನ ಮುಂದೆ ಏನೇನೂ ಅಲ್ಲ. ಉಳಿದಿದ್ದಷ್ಟನ್ನೂ ಅವರ ಬಾಯಿಗಿಟ್ಟೆ. ತೋಳು ಹಿಡಿದು ಒಳಗೆ ಕರೆತಂದೆ. ವಾರಗಿತ್ತಿಗೆ ಬಾಣಲೆ ಒಪ್ಪಿಸಿ, ನೆಂಟರೆಲ್ಲ ನೋಡುತ್ತಿರುವಾಗಲೇ ಇಬ್ಬರಿಗೂ ಉಪ್ಪಿಟ್ಟು ಮಾಡಿದೆ. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಇಷ್ಟಕ್ಕೆ ನಾನು ಅಷ್ಟೊಂದು ಹೆದರಿದ್ದೆ.

ನಡುಮನೆಯಲ್ಲೇ ಕೂತು ತಿನ್ನಿ ಎಂದು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ತಟ್ಟೆ ಹಿಡಿದುಕೊಂಡು ಬಾಗಿಲ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ ಕುಳಿತು, "ಯಾರಾನ ಬಂದ್ರೆ ಹೇಳೇ" ಅಂದರು.