ಕಾಳಿ ಹೊಳೆ ತಪ್ಪಿಸಲು ಹಿಡಿದ ದಾರಿ

ನಮ್ಮ ಮಾಬ್ಲಣ್ಣನ ಹತ್ತಿರ ಇಂಥ ಊರಿಗೆ ಎಷ್ಟು ಮೈಲಿ ಎಂದು ಕೇಳಬಾರದಿತ್ತು. ಕೇಳಿದರೆ ಮುಖ ಗಂಟು ಹಾಕಿಕೊಂಡು, "ಬಸ್ಸಿಗೆ ಹೋಗಿ" ಎನ್ನುತ್ತಿದ್ದ. ದಾರಿಯಲ್ಲಿ ಏನೇನು ಕಾಣುತ್ತದೆ ಎಂದು ಕೇಳಿದರೆ ಮಾತ್ರ ಬಾಯಿ ಬಿಚ್ಚುತ್ತಿದ್ದ. ಹೊನ್ನಾವರದ ಬಸ್ ಸ್ಟ್ಯಾಂಡಿನ ಎದುರು ಅವನ ಕರಿ ಅಂಬಾಸಿಡರ್ ನಿಂತಿರುತ್ತಿತ್ತು. ಕಾರು ಬಂದರಿನ ಸಾವಕಾರರದ್ದು, ಸ್ಟೇರಿಂಗು ಮಾತ್ರ ಇವನದು. ಜೋಗ ನೋಡಲು ಬಂದವರಿರಲಿ, ದುಬೈಯಿಂದ ರಜೆಗೆ ಬಂದ ಭಟ್ಕಳದವರಿರಲಿ, ಯಾರು ಹತ್ತಿದರೂ ಇವನಿಗೆ ಚಂದ ಕಂಡ ದಾರಿಯೇ ದಾರಿ. ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ, "ಇಳೀರಿ, ನೋಡಿ" ಎಂದು ಗದರುತ್ತಿದ್ದ. ಅವರು ಇಳಿಯದಿದ್ದರೆ ಕಾರು ಮುಂದೆ ಹೋಗುತ್ತಿರಲಿಲ್ಲ.

ನಾನು ಅವನ ತಂಗಿ ದೇವಿ. ಕುಮಟಾದ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಮಕ್ಕಳಿಗೆ ಗದರಿ ಗದರಿ, ಬರೆಯುವಾಗಲೂ ಗದರುವ ಚಾಳಿ ಉಳಿದಿದೆ, ಓದುವವರು ಹೊಂದಿಕೊಳ್ಳಬೇಕು. ಅಣ್ಣ ಈಗಿಲ್ಲ, ಅತ್ತಿಗೆ ತಿಮ್ಮಕ್ಕನೂ ಇಲ್ಲ. ಆದರೆ ಊರವರ ಬಾಯಿ ಇದೆಯಲ್ಲ. ಆ ಮಾಬ್ಲನಿಗೆ ಚಂದದ ಹುಚ್ಚು, ಅದೇ ಹುಚ್ಚಿಗೆ ಮಗಳ ಮೊದಲ ಬಸಿರನ್ನು ಕಳೆದ ಎಂದು ಮೊನ್ನೆ ಮದುವೆ ಮನೆಯೊಂದರಲ್ಲಿ ಆಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಅವನ ಮಗಳು ಬಂಗಾರಿ ಪಕ್ಕದಲ್ಲೇ ಕೂತಿದ್ದಳು. ಮನೆಗೆ ಬರುವಾಗ, "ಇನ್ನು ಸಾಕು, ನೀ ಬರಿ ಅತ್ತೆ" ಎಂದಳು.

ನಮ್ಮದು ಬಲೆ ಬೀಸುವವರ ಮನೆ. ಅಪ್ಪ ಮೊದಲ ಸಲ ದೋಣಿಯಲ್ಲಿ ಕರೆದುಕೊಂಡು ಹೋದಾಗ ಮಾಬ್ಲಣ್ಣ ಅಳಿವೆ ದಾಟುವುದರೊಳಗೆ ಕರುಳು ಕಿತ್ತು ಬರುವಂತೆ ವಾಂತಿ ಮಾಡಿದ. ದೂರದ ಗುಡ್ಡ ನೋಡು, ನಿಲ್ಲುತ್ತದೆ ಎಂದು ಅಪ್ಪ ಹೇಳಿದನಂತೆ. ನೋಡಿದ, ನಿಂತಿತು. ನಿಂತದ್ದು ವಾಂತಿ ಒಂದೇ ಅಲ್ಲ, ದೋಣಿ ಹತ್ತುವುದೂ ನಿಂತಿತು. ಮೀನುಗಾರನ ಮಗ ಲಾರಿ ಹತ್ತಿ, ಕ್ಲೀನರ್ ಆಗಿ, ಡ್ರೈವರ್ ಆಗಿ ಘಟ್ಟದ ಕಡೆ ಮುಖ ಮಾಡಿದ. ಕೇರಿಯವರು ನಕ್ಕರು. ಇವನು ತಲೆ ಕೆಡಿಸಿಕೊಳ್ಳಲಿಲ್ಲ.

ಬಂಗಾರಿಯನ್ನು ಗೋವಾದ ವಾಸ್ಕೋಗೆ ಕೊಟ್ಟಿದ್ದೆವು. ಅಳಿಯನಿಗೆ ಅಲ್ಲಿ ಅದಿರು ಸಾಗಿಸುವ ಬಾರ್ಜಿನಲ್ಲಿ ಕೆಲಸ. ಎಪ್ಪತ್ತಾರನೆಯ ಇಸವಿಯಲ್ಲಿ, ಬಂಗಾರಿ ಮೊದಲ ಸಲ ಬಸುರಿ ಆಗಿದ್ದಾಗ, ಸಾವಕಾರರ ಅಂಗಡಿಗೆ ಅವಳ ಫೋನ್ ಬಂತು. ನನ್ನನ್ನು ಬೇಗ ಕರೆದುಕೊಂಡು ಹೋಗಿ ಎಂದಷ್ಟೇ ಹೇಳಿದಳು. ಆಗಿನ್ನೂ ಆರನೆಯ ತಿಂಗಳು, ಬಾಣಂತನಕ್ಕೆ ಕರೆತರುವ ಹೊತ್ತಲ್ಲ. ತವರಿನ ಆಸೆ ಎಂದು ನಾವೆಲ್ಲ ನಕ್ಕೆವು. ಅಣ್ಣ ಅಂದೇ ಕಾರು ತೆಗೆದುಕೊಂಡು ಹೋದ.

ಮರುದಿನ ಮಗಳನ್ನು ಕರೆದುಕೊಂಡು ಸಮುದ್ರದ ಪಕ್ಕದ ರಸ್ತೆಯಲ್ಲಿ ಬಂದರೆ ಸದಾಶಿವಗಡದ ಹತ್ತಿರ ಕಾಳಿ ಹೊಳೆ ಅಡ್ಡ. ಆಗ ಅಲ್ಲಿ ಸೇತುವೆ ಆಗಿರಲಿಲ್ಲ. ಕಾರು, ಬಸ್ಸುಗಳನ್ನು ಜಂಗಲ್ ಮೇಲೆ, ಅಂದರೆ ಜೋಡಿ ದೋಣಿಗೆ ಹಲಗೆ ಹಾಸಿದ ತೆಪ್ಪದ ಮೇಲೆ, ಹತ್ತಿಸಿ ದಾಟಿಸುತ್ತಿದ್ದರು. ಸಾಲಿನಲ್ಲಿ ಕಾದು ಕಾದು ಸಂಜೆಯಾಯಿತು. ಜಂಗಲ್ ನಡುಹೊಳೆಗೆ ಬಂದಾಗ ಅಣ್ಣ ಮಗಳನ್ನು ಕಾರಿನಿಂದ ಇಳಿಸಿ ಕಟಾಂಜನದ ಹತ್ತಿರ ನಿಲ್ಲಿಸಿದ. ಒಂದು ಕಡೆ ಸಮುದ್ರಕ್ಕೆ ಇಳಿಯುವ ಸೂರ್ಯ, ಇನ್ನೊಂದು ಕಡೆ ಕೆಂಪಾದ ಗುಡ್ಡಗಳು. ನೋಡು ಮಗಾ ಎಂದನಂತೆ. ಕುಮಟಾ ಮುಟ್ಟುವಾಗ ಅವಳಿಗೆ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಗೆ ಸೇರಿಸಿದೆವು. ಮಗು ಉಳಿಯಲಿಲ್ಲ.

ನಮ್ಮವರಲ್ಲಿ ಒಂದು ಕಟ್ಟಳೆ ಇದೆ. ಬಸುರಿಯನ್ನು ದೋಣಿಯಲ್ಲಿ ಹೊಳೆ ದಾಟಿಸಬಾರದು. ದೀಪ ಹಚ್ಚುವ ಹೊತ್ತಿಗಂತೂ ಕೂಡದೇ ಕೂಡದು. ಸೇತುವೆಯಾದರೆ ಅಡ್ಡಿಯಿಲ್ಲ, ನೀರು ಕೆಳಗೆ ಅದರ ಪಾಡಿಗೆ ಹೋಗುತ್ತದೆ. ದಿನಾ ದೋಣಿ ಹತ್ತುವ ಜನರೇ ಇದನ್ನು ಹೆಚ್ಚು ಪಾಲಿಸುವುದು. ಅತ್ತಿಗೆ ಆಸ್ಪತ್ರೆಯ ಬಾಗಿಲಲ್ಲೇ ಅಣ್ಣನಿಗೆ, "ನಿಮ್ಮ ಚಂದಕ್ಕೆ ಬೆಂಕಿ ಬಿತ್ತಲ್ಲ, ಈಗ ತಂಪಾತಾ?" ಎಂದಳು. ಆಮೇಲೆ ಯಾವ ತಿರುವಿನಲ್ಲೂ ಅವನು ಕಾರು ನಿಲ್ಲಿಸಲಿಲ್ಲ. ಗಿರಾಕಿಗಳೇ ನಿಲ್ಲಿಸಿ ಎಂದರೂ, "ಅಲ್ಲಿ ಎಂತ ಅದೆ ನೋಡೂಕೆ" ಎನ್ನುತ್ತಿದ್ದ.

ಎಪ್ಪತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಬಂಗಾರಿಯನ್ನು ಮತ್ತೆ ಬಾಣಂತನಕ್ಕೆ ಕರೆತರಬೇಕಾಯಿತು. ಈ ಸಲ ಏಳು ತುಂಬಿತ್ತು. ಮಗು ಚೆನ್ನಾಗಿದೆ ಎಂದು ಡಾಕ್ಟರ್ ಹೇಳಿದ್ದರು. ಆದರೂ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸೇರುತ್ತಿರಲಿಲ್ಲ. ಯಾವ ದಾರಿಯಲ್ಲಿ ತರುವುದು? ಸಮುದ್ರದ ರಸ್ತೆ ಹತ್ತಿರ, ನುಣುಪು, ಊರೂರಿಗೆ ಡಾಕ್ಟರ್; ಆದರೆ ಜಂಗಲ್ ಇದೆ. ಗೋವಾದಿಂದ ಅನಮೋಡ ಘಟ್ಟ ಹತ್ತಿ ಯಲ್ಲಾಪುರಕ್ಕೆ ಸುತ್ತಿ ಅರಬೈಲು ಘಟ್ಟ ಇಳಿದರೆ ಜಂಗಲ್ ತಪ್ಪುತ್ತದೆ, ಆದರೆ ಲಾರಿಗಳು ಅಗೆದು ಹಾಕಿದ ಹೊಂಡಗಳ ರಸ್ತೆ. ಮೂರನೆಯದು ಅನಮೋಡ ಹತ್ತಿ, ಸೂಪಾ ಮೇಲೆ ಅಣಶಿ ಘಟ್ಟ ಇಳಿದು ಕಾರವಾರ ಸೇರುವುದು. ಲಾರಿಗಳು ಕಡಿಮೆ, ಉದ್ದಕ್ಕೂ ಕಾಡು, ನೋಡಲು ಅದರಷ್ಟು ಚಂದದ ದಾರಿ ಇನ್ನೊಂದಿಲ್ಲ. ದಾರಿಯಲ್ಲಿ ನೋವು ಬಂದರೆ ಮಾತ್ರ ದೇವರೇ ಗತಿ.

ಮೂರು ರಾಜ್ಯದ ರಸ್ತೆಗಳನ್ನು ಒಂದೇ ಉಸಿರಿಗೆ ಹೇಳುವವನು ವಾರಗಟ್ಟಲೆ ಒದ್ದಾಡಿದ. ಸಿಕ್ಕಿದ ಲಾರಿ ಡ್ರೈವರನ್ನೆಲ್ಲ ಹಿಡಿದು ಎಲ್ಲಿ ಹೊಂಡ, ಎಲ್ಲಿ ಕೆಸರು ಎಂದು ಕೇಳಿದ. ಬೆಳಿಗ್ಗೆ ಅರಬೈಲು ಎನ್ನುವನು, ಮಧ್ಯಾಹ್ನ ಅಣಶಿ ಎನ್ನುವನು. ಕೊನೆಗೆ ನನ್ನನ್ನು ಹಿತ್ತಲಿಗೆ ಕರೆದು, "ದೇವೀ, ಹೊಂಡದಲ್ಲಿ ಕುಲುಕಿದ್ರೆ ಎಂತ ಆಗ್ತದೋ ಏನೋ. ಅಣಶಿಯೇ ಸೈ. ಚಂದ ಅಂತಲ್ಲ ಮತ್ತೆ" ಎಂದ. ಆ 'ಚಂದ ಅಂತಲ್ಲ' ಎನ್ನುವಾಗ ಅವನ ಮುಖ ನೋಡಲಿಕ್ಕಾಗಲಿಲ್ಲ. ಆಮೇಲೆ ದನಿ ಇಳಿಸಿ, "ಸೂಪಾದಲ್ಲಿ ಅದೇ ಕಾಳಿ ಹೊಳೆ ಅಡ್ಡ ಬರ್ತದೆ. ಸೇತುವೆ ಅದೆ, ಹೆದ್ರಿಕೆ ಇಲ್ಲ. ನಿನ್ನ ಅತ್ತಿಗೆಗೆ ಹೇಳ್ಬೇಡ" ಎಂದ. ನಾನು ಹೇಳಲಿಲ್ಲ. ಬರುವ ದಾರಿಯಲ್ಲಿ ಕಾಳಿ ಇದೆ ಎಂದು ಗೊತ್ತಾದರೆ ಅತ್ತಿಗೆ ಮಗಳನ್ನು ಕಾರು ಹತ್ತಿಸುತ್ತಿರಲಿಲ್ಲ.

ಹೋಗುವಾಗ ಬಸುರಿ ಜೊತೆಗಿಲ್ಲವಲ್ಲ ಎಂದು ನಾವು ಮೂವರೂ ಸಮುದ್ರದ ರಸ್ತೆಯಲ್ಲೇ ವಾಸ್ಕೋಗೆ ಹೋಗಿ, ಮರುದಿನ ನಸುಕಿನಲ್ಲಿ ಬಂಗಾರಿಯನ್ನು ಕರೆದುಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ಎರಡು ದಿಂಬು, ನಡುವೆ ಅವಳು, ಆಚೆ ಈಚೆ ನಾನು ಮತ್ತು ಅತ್ತಿಗೆ. ಅನಮೋಡ ಘಟ್ಟದ ಪ್ರತಿ ತಿರುವಿನಲ್ಲೂ ಅಣ್ಣ ಕನ್ನಡಿಯಲ್ಲಿ ಮಗಳ ಮುಖ ನೋಡುತ್ತಿದ್ದ. "ನೋವು ಅದ್ಯಾ?" "ಇಲ್ಲ ಅಪ್ಪ." ಇನ್ನೊಂದು ತಿರುವು. "ಈಗ?" ಎಡಗಡೆ ಕಣಿವೆ ತುಂಬ ಮಂಜು ಎದ್ದು ಬಿಸಿಲಿಗೆ ಕರಗುತ್ತಿತ್ತು. ಅವನು ಒಮ್ಮೆಯೂ ಅತ್ತ ಕಣ್ಣು ಹಾಯಿಸಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು.

ಗಡಿಯ ಚೆಕ್‌ಪೋಸ್ಟಿನಲ್ಲಿ ಕಾರು ತಡೆದರು. ಗೋವಾದಿಂದ ಬರುವ ಗಾಡಿಯೆಂದರೆ ಹೆಂಡ ಹುಡುಕುವುದು ಅವರ ಕೆಲಸ. ನಮ್ಮಲ್ಲಿ ಎಂತ ಇದೆ ಎಂದು ಧೈರ್ಯವಾಗಿ ಕೂತರೆ, ಬಂಗಾರಿಯ ಚೀಲದಿಂದ ಫೆನ್ನಿಯ ಬಾಟಲಿ ಹೊರಬಿತ್ತು. ಬಾಣಂತಿಯ ಸೊಂಟಕ್ಕೆ ತಿಕ್ಕಲಿ ಎಂದು ಅವಳ ಅತ್ತೆ ಸೀರೆಯಲ್ಲಿ ಸುತ್ತಿ ಇಟ್ಟಿದ್ದಳು. ಎಲ್ಲರೂ ಇಳಿಯಿರಿ ಎಂದ ಪೊಲೀಸ. ನಾನು ಇಳಿದು, "ಬಸುರಿ ಹೆಂಗ್ಸನ್ನ ಬಿಸಿಲಲ್ಲಿ ನಿಲ್ಸ್ತ್ರ್ಯಾ? ನಿಮ್ಮ ಮನೇಲಿ ಬಾಣಂತಿಗೆ ಎಂತ ತಿಕ್ತ್ರಿ?" ಎಂದು ಶಾಲೆಯ ದನಿಯಲ್ಲಿ ಕೇಳಿದೆ. ಅವನು ಅವಳ ಹೊಟ್ಟೆ ನೋಡಿದ, ನನ್ನನ್ನು ನೋಡಿದ, ಬಾಟಲಿ ತಾನೇ ಇಟ್ಟುಕೊಂಡು, "ಹೋಗಿ" ಎಂದ. ಅಷ್ಟರಲ್ಲಿ ತುಂಬ ಹೊತ್ತು ಹೋಗಿತ್ತು.

ಮುಂದೆ ಕಾಡು. ಅಣ್ಣ ಎತ್ತಿನ ಗಾಡಿಯ ಹಾಗೆ ಕಾರು ನಡೆಸುತ್ತಿದ್ದ. ಊಟದ ಹೊತ್ತು ಮೀರಿದ ಮೇಲೆ ಸೂಪಾದ ಹೊಳೆಯ ಹತ್ತಿರ ಬಂದರೆ ರಸ್ತೆಗೆ ಅಡ್ಡಲಾಗಿ ಡ್ರಮ್ಮು ಇಟ್ಟಿದ್ದರು. ಸೇತುವೆ ರಿಪೇರಿಯಂತೆ. ಕೆಳಗೆ ಹೊಳೆಯೊಳಗೇ ಕಲ್ಲು ತುಂಬಿಸಿ ದಾರಿ ಮಾಡಿದ್ದರು. ಅದರ ಮೇಲೆ ಅರ್ಧ ಚಕ್ರ ಮುಳುಗುವಷ್ಟು ನೀರು ಹರಿಯುತ್ತಿತ್ತು.

ಅಣ್ಣ ಇಂಜಿನ್ ನಿಲ್ಲಿಸಿದ. ಅತ್ತಿಗೆ ಇಳಿದು, ಅಲ್ಲಿದ್ದ ಕೆಲಸದವನನ್ನು, "ಇದ್ಯಾವ ಹೊಳೆ, ತಮಾ?" ಎಂದು ಕೇಳಿದಳು. ಕಾಳಿ ಎಂದ ಅವನು. ಅತ್ತಿಗೆ ರಸ್ತೆಯ ಮೇಲೇ ಕೂತುಬಿಟ್ಟಳು. ಮನುಷ್ಯನಿಗೆ ಎಷ್ಟು ಗ್ರಹಚಾರ ಇರಬೇಕು. ಕಾಳಿ ಹೊಳೆ ತಪ್ಪಿಸಲು ಘಟ್ಟ ಹತ್ತಿ ಬಂದವನಿಗೆ ಅದೇ ಕಾಳಿ, ಈ ಸಲ ಜಂಗಲ್ಲೂ ಇಲ್ಲದೆ. ಹಿಂದೆ ತಿರುಗಿ ಯಲ್ಲಾಪುರದ ದಾರಿ ಹಿಡಿದರೆ ಹೊಂಡಗಳ ಘಟ್ಟ ಇಳಿಯುವಾಗ ಕತ್ತಲಾಗುತ್ತಿತ್ತು. ಅತ್ತಿಗೆ ಎದ್ದು, ಮುಡಿಯ ಹೂ ತೆಗೆದುಕೊಂಡು, ಸೆರಗು ಹೊದ್ದು, ಹೊಳೆಗೆ ಕೈ ಮುಗಿಯಲು ನೀರಿನ ಅಂಚಿಗೆ ಹೋದಳು.

ಅಣ್ಣ ಇಳಿದು ಹಿಂದಿನ ಬಾಗಿಲಿಗೆ ಬಂದ. "ವಾಪಸ್ ಹೋಗ್ವಾ ಮಗಾ. ಎಷ್ಟೊತ್ತಾದ್ರೂ ಆಗ್ಲಿ. ಇನ್ನೊಂದ್ಸಲ ನಾ ನಿಂಗೆ ಅನ್ಯಾಯ ಮಾಡೂದಿಲ್ಲ" ಎಂದ.

ಬಂಗಾರಿ ಅವನ ಕೈ ಹಿಡಿದುಕೊಂಡಳು. "ಅಪ್ಪ, ಅವತ್ತು ಜಂಗಲ್ ಹತ್ತೂಕೆ ಮೊದ್ಲೇ ಅದು ಹೋಗಿತ್ತು."

"ಎಂತ ಹೋಗಿತ್ತು?"

"ಮಗು. ವಾಸ್ಕೋದಲ್ಲೇ ಅಲ್ಲಾಡೂದು ನಿಂತಿತ್ತು. ನಂಗೆ ಹೆದ್ರಿಕೆ ಆತು, ಅದ್ಕೇ ಫೋನ್ ಮಾಡ್ದೆ. ಅವ್ವಿ ಹತ್ರ ಬಂದ್ರೆ ಸರಿಯಾಗ್ತದೆ ಅಂದ್ಕಂಡೆ. ನೀ ಜಂಗಲ್ ಮೇಲೆ ಸೂರ್ಯ ತೋರ್ಸ್ದಾಗ್ಲೂ ನಂಗೆ ಗೊತ್ತಿತ್ತು."

"ಹೇಳ್ಬಾರದಾಗಿತ್ತಾ ಬಂಗಾರಿ?" ಎಂದೆ ನಾನು.

"ಹೆಂಗೆ ಹೇಳೂದು ಅತ್ತೆ? ಹೊಟ್ಟೇಲಿ ಮಗು ನಿಲ್ಲದವಳು ಅಂತ ಆಗಿದ್ರೆ ವಾಸ್ಕೋದವರು ಬೇರೆ ಹೆಣ್ಣು ತರ್ತಿದ್ರು. ಅಲ್ಲಿಯ ಅತ್ತೆ ಬಾಯಿ ಬಿಟ್ಟೇ ಹೇಳಿದ್ದಳು. ಆಸ್ಪತ್ರೇಲಿ ಅವ್ವಿ ಹೊಳೆ ಹೆಸರು ಹೇಳ್ತು, ಎಲ್ಲಾರೂ ಹೌದು ಅಂದ್ರು. ನಾ ಸುಮ್ನಾದೆ."

"ಕೆಟ್ಟದ್ದು ಹೊಳೆ ಹೆಸರಲ್ಲ, ನಿನ್ನ ಅಪ್ಪನ ಹೆಸರು" ಎಂದುಬಿಟ್ಟೆ. ನನ್ನ ನಾಲಿಗೆಯೇ ಹಾಗೆ. ಅವಳು ಅಪ್ಪನ ಕೈಗೆ ಹಣೆ ಒತ್ತಿ ಅತ್ತಳು.

ಅಣ್ಣ ಇನ್ನೊಂದು ಕೈಯಿಂದ ಕಾರಿನ ಬಾಗಿಲು ಹಿಡಿದು ನಿಂತಿದ್ದ. ಮೂರು ವರ್ಷ ಹೊತ್ತ ಭಾರ ಇಳಿಯಿತಲ್ಲ, ಇನ್ನು ಹೆಂಡತಿಯನ್ನು ಕೂಗಿ ಕರೆಯುತ್ತಾನೆ ಎಂದುಕೊಂಡೆ. ಅವನು ಹೊಳೆಯ ಕಡೆ ನೋಡಿ, ಅವಳಿಗೆ ಕೇಳಿಸದ ಹಾಗೆ ಹೇಳಿದ. "ಇದನ್ನ ಇನ್ನು ಯಾರ್ಗೂ ಹೇಳ್ಬೇಡ ಮಗಾ. ಅವ್ವಿಗೂ ಬೇಡ, ಅವಳ ಬಾಯಲ್ಲಿ ನಿಲ್ಲೂದಿಲ್ಲ. ವಾಸ್ಕೋಕ್ಕೆ ಮುಟ್ಟಿದ್ರೆ ನಿನ್ನ ಸಂಸಾರ ಹಾಳು. ನನ್ನ ಮೇಲೇ ಇರ್ಲಿ. ದೇವೀ, ನಿಂಗೂ ಹೇಳಿದ್ದು."

"ನಿಂಗೆ ಮರ್ಲು" ಎಂದೆ.

ಅತ್ತಿಗೆ ಒದ್ದೆ ಸೀರೆಯಲ್ಲಿ ಬಂದಳು. "ಒಂದ್ಸಲ ಮಾಡಿದ್ದು ಸಾಲ್ಲಿಲ್ಲ, ಮತ್ತೆ ಅದೇ ಹೊಳೆಗೆ ತಂದ್ರಿ" ಎಂದಳು. ಅಣ್ಣ, "ತಪ್ಪಾತು ಮಾರಾಯ್ತಿ. ಅವತ್ತೂ ನಂದೇ, ಇವತ್ತೂ ನಂದೇ" ಎಂದು ಸ್ಟೇರಿಂಗಿಗೆ ಹೋಗಿ ಕೂತ. ಕಾರು ನೀರಿಗಿಳಿಯಿತು. ಕಲ್ಲಿನಿಂದ ಕಲ್ಲಿಗೆ ಚಕ್ರ ಹೊರಳುವಾಗಲೆಲ್ಲ ನಾನು ಬಂಗಾರಿಯ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಒಳಗಿನ ಜೀವ ನನ್ನ ಅಂಗೈಗೆ ಒದೆಯುತ್ತಿತ್ತು.

ಸಂಕ್ರಾಂತಿ ಆದಮೇಲೆ ಹೆಣ್ಣು ಮಗು ಹುಟ್ಟಿತು. ತಾನು ಕಾಳಿಗೆ ಹೂ ಬಿಟ್ಟಿದ್ದಕ್ಕೆ ಉಳಿಯಿತು ಎಂದು ಅತ್ತಿಗೆ ಊರೆಲ್ಲ ಹೇಳಿದಳು. ಅಣ್ಣ ಹೌದು ಎಂದು ತಲೆ ಆಡಿಸಿದ.

ಎಂಬತ್ತೇಳರಲ್ಲಿ ಅವನು ಹಾಸಿಗೆ ಹಿಡಿದ. ಎದೆಯ ಕಾಯಿಲೆ. ಬಂಗಾರಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಒಂದು ದಿನ ಅತ್ತಿಗೆ ಗಂಜಿ ಕುಡಿಸುತ್ತಿದ್ದಳು. ಜಗಳದ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿಯಲ್ಲಿ ಕೇಳಿದಳು. "ಅಷ್ಟು ಪ್ರೀತಿಯ ಮಗಳು. ಆ ಹೊತ್ತಲ್ಲಿ ಹೊಳೆ ದಾಟಿಸೂಕೆ ನಿಮಗೆ ಮನಸ್ಸಾದ್ರೂ ಹೆಂಗೆ ಬಂತು?"

ಬಾಗಿಲಲ್ಲಿದ್ದ ಬಂಗಾರಿ, "ಅವ್ವಿ" ಎಂದು ಬಾಯಿ ತೆಗೆದಳು. ಅಣ್ಣ ಬೇಡ ಎಂದು ಕಣ್ಣಲ್ಲೇ ತಡೆದ.

"ಬುದ್ಧಿ ಇರ್ಲಿಲ್ಲ" ಎಂದ ಅತ್ತಿಗೆಗೆ. ಅವಳು ಸೆರಗಿನಿಂದ ಅವನ ಬಾಯಿ ಒರೆಸಿದಳು.