ಟ್ಯಾಂಕಿಗೆ ಉಸಿರಾಡಲು ಒಂದು ಕೊಳವೆ

ವಡೋದರಾದ ಆಲ್ಕಾಪುರಿಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ನನ್ನ ಭಾವನಿಗೆ ತೊಂಬತ್ತರ ದಶಕದ ನಡುವಿನಲ್ಲಿ ಹಳೇ ಕಾರಿನ ಹುಚ್ಚು ಹಿಡಿಯಿತು. ಇಬ್ಬರೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ವಿಲಾಯಿತಿ ಸ್ಪೋರ್ಟ್ಸ್ ಕಾರನ್ನು ತಂದು ನಿಲ್ಲಿಸಿದರು. ಅಕ್ಕ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ವರ್ಷವಾದರೂ ಅದರೊಳಗೆ ಕೂರಲಿಲ್ಲ. ಅಹಮದಾಬಾದಿನ ಸ್ಯಾಟಲೈಟಿನಲ್ಲಿ ಮನೆ ಮಾಡಿಕೊಂಡು ವಿಮಾ ಕಚೇರಿಯಲ್ಲಿ ದುಡಿಯುತ್ತಿದ್ದ ನಾನು ರಜೆಯಲ್ಲೆಲ್ಲ ಅವರ ಮನೆಗೆ ಹೋಗುವವನು. ಹಾಗಾಗಿ ಪಕ್ಕದ ಸೀಟು ನನ್ನ ಪಾಲಿಗೆ ಬಿತ್ತು.

ಸೂರತ್ತಿನ ವರಾಛಾದಲ್ಲಿ ಭಾವನ ತಮ್ಮನ ಹೋಟೆಲಿತ್ತು. ಅಲ್ಲಿಗೆ ಹೊರಟರೆ ಕಾರು ಕೈಕೊಡುವುದು ಖಂಡಿತ. ಲಾರಿಗಳು ಮೈಮೇಲೆ ಬರುವ ಹೆದ್ದಾರಿಯಲ್ಲೇ ಕೆಮ್ಮಿ ನಿಂತುಬಿಡುತ್ತಿತ್ತು. ಇಳಿದು ಟ್ಯಾಂಕಿನ ಮುಚ್ಚಳ ತೆಗೆದರೆ ಹುಸ್ಸೆಂದು ಗಾಳಿ ಒಳಗೆ ನುಗ್ಗುತ್ತಿತ್ತು, ಮತ್ತೆ ಕಾರು ಹೊರಡುತ್ತಿತ್ತು. ಪೆಟ್ರೋಲು ಇಳಿದ ಜಾಗಕ್ಕೆ ಗಾಳಿ ಬಿಡುವ ಹಳೆಯ ಕೊಳವೆ ತುಕ್ಕು ಹಿಡಿದು ಮುಚ್ಚಿಹೋಗಿತ್ತು.

"ಟ್ಯಾಂಕಿಗೆ ಉಸಿರು ಕಟ್ತದೆ ಮಾರಾಯ, ಬೇರೆ ಎಂತದೂ ಅಲ್ಲ," ಎನ್ನುತ್ತಾ ಭಾವ ತಾವೇ ಹೊಸ ತಾಮ್ರದ ಕೊಳವೆ ಕೂರಿಸಿದರು. ಅದರ ಬಾಯನ್ನು ಹೊರಗೆ ಬಿಡದೆ ಡಿಕ್ಕಿಯ ಒಳಗೇ, ಎತ್ತರದಲ್ಲಿ ನಿಲ್ಲಿಸಿದರು. ನನಗೆ ಸರಿ ಕಾಣಲಿಲ್ಲ, ಕೇಳಿದೆ.

"ಇಡ್ಲಿ ಪಾತ್ರೆಯ ಹಬೆ ಎಲ್ಲಿಗೆ ಹೋಗ್ತದೆ? ಮೇಲೆ ಅಲ್ದಾ? ಇದೂ ಸಂದಿಯಿಂದ ಹೋಗ್ತದೆ. ನಿಮ್ಮ ವಿಮೆಯವರಿಗೆ ಲೋಟದ ನೀರಲ್ಲೂ ಮುಳುಗುವವರು ಕಾಣ್ತಾರೆ."

ಹೋಟೆಲಿನ ಬುದ್ಧಿ. ಪೆಟ್ರೋಲಿನ ಆವಿ ಭಾರ, ಅದು ಏರದೆ ತಳಕ್ಕೆ ಇಳಿದು ಕೂರುತ್ತದೆ ಎಂಬುದು ಜೀವಮಾನವೆಲ್ಲ ಹಬೆಯ ಜೊತೆ ಬಾಳಿದವರಿಗೆ ಹೊಳೆಯಲೇ ಇಲ್ಲ.

ಆಯುಧಪೂಜೆ ಬಂತು. ಗ್ರೈಂಡರು, ಒಲೆಗಳ ಪೂಜೆ ಮುಗಿದ ಮೇಲೆ ಕಾರಿನ ಸರದಿ. ಪೂಜೆಯಾದೊಡನೆ ಸೂರತ್ತಿಗೆ ಹೋಗುವುದೆಂದು ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಉರಿಬಿಸಿಲಿನಲ್ಲಿ ನಿಲ್ಲಿಸಿದ್ದರು. ಹಬ್ಬದ ದಿನ ಗಂಡನ ಮಾತು ತೆಗೆದುಹಾಕಲಾರದೆ ಅಕ್ಕ ರೇಷ್ಮೆ ಸೀರೆಯುಟ್ಟು ಮೊದಲ ಸಲ ಆ ಸೀಟಿನಲ್ಲಿ ಕೂತಳು.

ಭಾವ ಬಲಗೈಯಲ್ಲಿ ಕರ್ಪೂರದ ತಟ್ಟೆ ಹಿಡಿದು ಬಾನೆಟ್ಟಿಗೆ ಬೆಳಗಿದರು. ಆಮೇಲೆ ನಾಲ್ಕು ಚಕ್ರಗಳಿಗೂ ಬಗ್ಗಿ ಬೆಳಗುವುದು ಅವರ ಪದ್ಧತಿ. ಅಷ್ಟರಲ್ಲಿ ನಾನು ಹಿಂದಿನ ಚಕ್ರದಡಿ ನಿಂಬೆಹಣ್ಣು ಇಡಲು ಹೋದೆ. ನೆಲ ಒದ್ದೆಯಾಗಿತ್ತು. ಕಾರು ತೊಳೆದ ನೀರೆಂದುಕೊಂಡೆ. ಇಂಥ ಬಿಸಿಲಲ್ಲೂ ಆರಿಲ್ಲವಲ್ಲ ಎಂದು ಬೆರಳು ಅದ್ದಿ ಮೂಸಿದೆ. ಪೆಟ್ರೋಲು! ಬಿಸಿಲಿಗೆ ಉಬ್ಬಿ, ಕೊಳವೆಯಿಂದ ಡಿಕ್ಕಿಗೆ ಉಕ್ಕಿ, ತಳದ ತೂತಿನಿಂದ ತೊಟ್ಟಿಕ್ಕುತ್ತಿತ್ತು. ಊದುಬತ್ತಿಯ ಹೊಗೆಯಲ್ಲಿ ಯಾರಿಗೂ ವಾಸನೆ ತಿಳಿದಿರಲಿಲ್ಲ.

"ಭಾವ, ಬರಬೇಡಿ! ಅಕ್ಕ, ಇಳಿ!"

"ಆರತಿ ಆಗುವಾಗ ಏಳ್ಬಾರ್ದು. ಬೊಬ್ಬೆ ಹಾಕ್ಬೇಡ," ಎಂದಳು ಅಕ್ಕ, ಮುಂದೆ ನೋಡುತ್ತಲೇ.

ಭಾವನೂ ನಿಲ್ಲಲಿಲ್ಲ. ಅರ್ಧದಲ್ಲಿ ಆರತಿ ನಿಲ್ಲಿಸಿದವರಲ್ಲ ಅವರು. ಮಂತ್ರ ಹೇಳುತ್ತಾ ಹಿಂದಿನ ಚಕ್ರದತ್ತ ಬಂದು ಬಗ್ಗತೊಡಗಿದರು. ನಾನು ಅವರ ಹೆಗಲು ಹಿಡಿದು ತಡೆದು, "ಪೆಟ್ರೋಲ್! ನೆಲದಲ್ಲಿ ಪೆಟ್ರೋಲ್!" ಎಂದು ಕಿರುಚಿದೆ.

ಅವರು ನೆಲ ನೋಡಿದರು. ಅಕ್ಕನನ್ನು ನೋಡಿದರು. ತಟ್ಟೆಯನ್ನು ತಲೆಯೆತ್ತರಕ್ಕೆ ಎತ್ತಿ, ಉರಿಯುವ ಕರ್ಪೂರದ ಮೇಲೆ ಎಡ ಅಂಗೈ ಒತ್ತಿಹಿಡಿದರು. ಅದು ಆರುವ ತನಕ ತೆಗೆಯಲಿಲ್ಲ.

ಆಗ ಇಳಿದಳು ಅಕ್ಕ. ಒಳಗೆ ಕರೆದೊಯ್ದು ಕೈಗೆ ತಣ್ಣೀರು ಹೊಯ್ಯುತ್ತಾ ಅಳುತ್ತಾ ಬೈದಳು: "ಬಾಯಲ್ಲಿ ಒಮ್ಮೆ ಊದಿದ್ರೆ ಆಗ್ತಿರ್ಲಿಲ್ವಾ ಮಾರಾಯ್ರೇ?"

"ಆರತಿ ಊದುದಾ?" ಎಂದರು ಭಾವ. "ಅದೂ ನೀನು ಒಳಗೆ ಕೂತಿರುವಾಗ?"

ಅಕ್ಕ ಆ ಕೈಗೆ ಇನ್ನೊಂದು ಚೊಂಬು ನೀರು ಹೊಯ್ದಳು.

ಮರುದಿನವೇ ಕೊಳವೆಯನ್ನು ಟ್ಯಾಂಕಿಗಿಂತ ಎತ್ತರಕ್ಕೆ ಏರಿಸಿ, ಬಗ್ಗಿಸಿ, ಡಿಕ್ಕಿಯ ತಳದಿಂದ ಹೊರಕ್ಕೆ ಬಿಟ್ಟೆವು. ಮುಂದಿನ ವಾರ ಅವರು ಸೂರತ್ತಿಗೆ ಹೊರಟಾಗ ನನ್ನ ಸೀಟು ಹೋಗಿತ್ತು. ಭಾವನ ಎಡಗೈಗೆ ಇನ್ನೂ ಪಟ್ಟಿ. ಅವರು ಕ್ಲಚ್ ತುಳಿದು "ಈಗ" ಎನ್ನುತ್ತಿದ್ದರು, ಸವತಿಯ ಗೇರನ್ನು ಅಕ್ಕ ಹಾಕುತ್ತಿದ್ದಳು. ಸೂರತ್ತಿನವರೆಗೂ ಕಾರು ಎಲ್ಲೂ ನಿಲ್ಲಲಿಲ್ಲವಂತೆ.