ಜಗಳಗಂಟಿಯ ರೊಟ್ಟಿ

ನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯಮ್ಮ, ಯಾರು ಯಾರ ನಗುಮುಖವನ್ನು ಹೊಗಳಿದರೂ, "ಮಾರಿ ನೋಡಬ್ಯಾಡ್ರಿ, ಕೈ ನೋಡ್ರಿ" ಎನ್ನುತ್ತಿದ್ದರು. ಒಮ್ಮೆ ಅವರನ್ನು ಮಕ್ತಲಿಗೆ ಸಿನಿಮಾಕ್ಕೆ ಕರೆದೊಯ್ದೆ. ಅಡುಗೆಯದೇ ಕಥೆ, ಇಬ್ಬರು ನಾಯಕಿಯರು. ಒಬ್ಬಳು ನಗುನಗುತ್ತ ಬಡಿಸುವವಳು, ಇನ್ನೊಬ್ಬಳು ಅತ್ತೆಗೆ ಎದುರಾಡುವ ಜಗಳಗಂಟಿ.

ಇಡೀ ಟಾಕೀಸು ನಗುವವಳ ಪರ. ಇವರು ಮಾತ್ರ ಗೊಣಗಿದರು: "ತಣ್ಣೀರ್ ಹಾಕಿ ಜ್ವಾಳದ ಹಿಟ್ಟು ನಾದಾಕ ಹತ್ತ್ಯಾಳ. ರೊಟ್ಟಿ ಹರೀತೈತಿ." ಜಗಳಗಂಟಿ ಕುದಿಯುವ ನೀರು ಸುರಿದು, ಬೆರಳಿಗೆ ಉಫ್ ಎಂದು ಊದುತ್ತ ನಾದಿದಾಗ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತರು. ಕೊನೆಗೆ ಅವಳನ್ನು ಮನೆಯಿಂದ ಹೊರಹಾಕಿದಾಗ ಜನ ಚಪ್ಪಾಳೆ ತಟ್ಟಿದರು. ಇವರು ನನ್ನತ್ತ ತಿರುಗಿ, "ನಾಳಿಂದ ಆ ಮನ್ಯಾಗ ಏನ್ ತಿಂತಾರ್ರೀ?" ಎಂದರು.

ಆಗ ಅವರ ಮಗನಿಗೆ ಎರಡು ಸಂಬಂಧ ಬಂದಿದ್ದವು; ಇಬ್ಬರು ಹುಡುಗಿಯರನ್ನೂ ನೋಡಿಕೊಂಡು ಬಂದಿದ್ದರು. ಧರೂರಿನ ಹುಡುಗಿ ಮೆದು ಮಾತಿನವಳು. ದಾಮರಗಿದ್ದದವಳ ಬಾಯಿ ಜೋರು ಎಂದು ಎಲ್ಲರೂ ಹೆದರಿಸಿದ್ದರು. ವಾಪಸು ಬರುವಾಗ ಬಸ್ಸಿನಿಂದಲೇ ಗಂಡನಿಗೆ ಫೋನ್ ಮಾಡಿದರು: "ದಾಮರಗಿದ್ದದವ್ರಿಗೆ ಹೂಂ ಅನ್ರಿ. ಆ ಹುಡುಗಿ ಬೆರಳು ಕೆಂಪಗಿದ್ವು, ನಾ ನೋಡೀನಿ."

ನಾನು ಆ ಬೀದಿ ಬಿಡುವವರೆಗೂ ಗೋಡೆಯಾಚೆ ಅತ್ತೆ-ಸೊಸೆಯ ಜಗಳ ದಿನವೂ ಕೇಳುತ್ತಿತ್ತು. ಊಟದ ಹೊತ್ತಿನಲ್ಲಿ ಮಾತ್ರ ಆ ಮನೆಯಿಂದ ಸದ್ದೇ ಬರುತ್ತಿರಲಿಲ್ಲ.